ಕುರ್ಚಿಯಲ್ಲಿ ಕೂತು ಹಾರಿದ್ದು

ಎತ್ತರ ಕಂಡರೆ ಹೆದರುವವರಿಗೇ ಹಾರುವ ಕನಸು ಹೆಚ್ಚಾಗಿ ಬೀಳುತ್ತದೆ ಎಂದು ನನಗೊಂದು ಅನುಮಾನ. ಸಾಕ್ಷಿ ಕೇಳಿದರೆ ನನ್ನ ಹತ್ತಿರ ಇರುವುದು ನಾನೊಬ್ಬನೇ. ಮನೆಯ ಅಟ್ಟದಿಂದ ಹಳೆಯ ಹಿತ್ತಾಳೆ ಹಂಡೆ ಇಳಿಸಬೇಕಾದರೆ ಕೆಳಗೆ ಏಣಿ ಹಿಡಿದು ನಿಲ್ಲುವವನು ನಾನು, ಹತ್ತುವವಳು ನನ್ನ ಹೆಂಡತಿ ಗೌರಮ್ಮ. ಮೂರನೆಯ ಮೆಟ್ಟಿಲಿಗೇ ನನ್ನ ಅಂಗಾಲು ಬೆವರುತ್ತದೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗ ಜೊತೆಯವರೆಲ್ಲ ಬಂಡೆಯ ಅಂಚಿಗೆ ಹೋಗಿ ಕಣಿವೆ ನೋಡಿದರೆ, ನಾನು ಹಿಂದೆ ಉಳಿದು ಅವರ ಚಪ್ಪಲಿ ಕಾಯುತ್ತೇನೆ. ಇಂಥವನು ಮಧ್ಯಾಹ್ನ ಉಂಡು ಹತ್ತು ನಿಮಿಷ ಕಣ್ಣು ಮುಚ್ಚಿದರೆ ಸಾಕು, ಹಾರುತ್ತಿದ್ದೆ. ತೆಂಗಿನ ಮರದಷ್ಟು ಎತ್ತರ, ಅದಕ್ಕಿಂತ ಮೇಲಿಲ್ಲ. ರೆಕ್ಕೆ ಇಲ್ಲ, ಕೈ ಬಡಿಯುವ ಶ್ರಮವಿಲ್ಲ, ಪಂಚೆ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದರೆ ಆಯಿತು. ಕೆಳಗೆ ನಮ್ಮೂರು ಹೊನ್ನೂರಿನ ಗದ್ದೆಗಳು ಮೆಲ್ಲಗೆ ಸರಿಯುತ್ತಿದ್ದವು, ನಾಲೆಯ ನೀರು ಹೊಳೆಯುತ್ತಿತ್ತು, ಯಾರೋ ಬಟ್ಟೆ ಒಗೆಯುವ ಸದ್ದು ಮೇಲಕ್ಕೆ ತಡವಾಗಿ ಬರುತ್ತಿತ್ತು. ಆ ಕನಸಿನಲ್ಲಿ ನನಗೆ ಹೆದರಿಕೆಯೇ ಆಗುತ್ತಿರಲಿಲ್ಲ. ಎಚ್ಚರವಾದಾಗ ಮಂಚದಿಂದ ಕಾಲು ಕೆಳಗಿಡುವುದಕ್ಕೆ ಸ್ವಲ್ಪ ಬೇಸರವಾಗುತ್ತಿತ್ತು.

ನನ್ನ ಕೆಲಸ ನೋಡಿದರೆ ಇದು ಇನ್ನೂ ತಮಾಷೆಯಾಗಿ ಕಾಣುತ್ತದೆ. ನಾನು ಮೂವತ್ತೊಂದು ವರ್ಷ ಸರ್ವೆಯರಾಗಿದ್ದವನು. ಕೊಳ್ಳೇಗಾಲ, ಹನೂರು, ಯಳಂದೂರು ಎಂದು ಸುತ್ತಿ, ಅಳತೆಯ ಸರಪಳಿ ಎಳೆಸಿ, ಗಡಿಗೆ ಬಾಂದುಕಲ್ಲು ನೆಡಿಸಿ, ಹೊಲಗದ್ದೆಗಳ ನಕ್ಷೆ ಬರೆದವನು. ನಕ್ಷೆ ಎಂದರೆ ಮೇಲಿಂದ ನೋಡಿದ ಹಾಗೆ ಬರೆಯುವುದು. ಒಂದು ದಿನವೂ ಮೇಲೆ ಹೋಗದೆ ಮೇಲಿನಿಂದ ಹೇಗೆ ಕಾಣುತ್ತದೆಂದು ಸಹಿ ಹಾಕಿ ಕೊಡುತ್ತಿದ್ದೆ. ಹನೂರಿನಲ್ಲಿದ್ದಾಗ ಒಮ್ಮೆ ಗೋಪಿನಾಥಂಗೆ ಅಳತೆಗೆ ಹೋಗಿದ್ದೆ. ಹೋಗುವುದಕ್ಕೆ ಒಂದು ಬಸ್ಸು, ಬರುವುದಕ್ಕೂ ಅದೇ ಬಸ್ಸು. ಬಿಸಿಲಿನಲ್ಲಿ ಮುಳ್ಳು ಸರಿಸುತ್ತಾ ಸರಪಳಿ ಎಳೆಯುತ್ತಿದ್ದ ನಮ್ಮನ್ನು ಒಬ್ಬ ಮುದುಕ ಬೇಲದ ಮರದ ಕೆಳಗೆ ಕೂತು ಬೆಳಗಿನಿಂದ ನೋಡುತ್ತಿದ್ದ. ಕೊನೆಗೆ ಆಕಾಶದಲ್ಲಿ ಸುತ್ತುತ್ತಿದ್ದ ಗರುಡವೊಂದನ್ನು ತೋರಿಸಿ, ಆ ಕಡೆಯ ತಮಿಳು ಬೆರೆತ ಕನ್ನಡದಲ್ಲಿ, "ಆ ಪರುಂದು ಅದ್ಯಲ್ಲ ಸಾ, ಅದು ಒಂದೇ ಸುತ್ತಿಗೆ ಪೂರಾ ಅಳ್ದುಬುಡ್ತದೆ. ನೀವು ಕೆಳುಗ್ಲಿಂದ ಎಷ್ಟ್ ದಿನ ಅಂತ ಅಳೀತೀರಿ?" ಎಂದ. ನಾನು ನಕ್ಕು, "ಗರುಡಕ್ಕೆ ಸಹಿ ಹಾಕೋಕಾಗಲ್ಲ ಯಜಮಾನ್ರೆ," ಎಂದೆ. ಆ ಉತ್ತರದ ಬಗ್ಗೆ ಬಹಳ ವರ್ಷ ಹೆಮ್ಮೆ ಇಟ್ಟುಕೊಂಡಿದ್ದೆ.

ಕನಸು ಯಾವಾಗ ನಿಂತಿತೋ ಗಮನಿಸಲಿಲ್ಲ. ಹೋದ ವರ್ಷ ನಿವೃತ್ತಿಯಾಗಿ ಕೊಳ್ಳೇಗಾಲದ ಮನೆಯಲ್ಲಿ ಮಧ್ಯಾಹ್ನಗಳು ಧಾರಾಳವಾಗಿ ಸಿಗತೊಡಗಿದ ಮೇಲೆ ಅದು ಗೊತ್ತಾಯಿತು. ನಿದ್ದೆ ಬರುತ್ತದೆ, ಗೊರಕೆ ಬರುತ್ತದೆ, ಕನಸು ಬರುವುದಿಲ್ಲ. ಎಡಮಗ್ಗುಲಿಗೆ ಮಲಗಿ ನೋಡಿದೆ, ಮುದ್ದೆ ಬಿಟ್ಟು ಅನ್ನ ಉಂಡು ನೋಡಿದೆ. ಹಾರುವುದು ಹೋಗಲಿ, ಕುಂಟುವ ಕನಸೂ ಬೀಳಲಿಲ್ಲ. ಗೌರಮ್ಮನಿಗೆ ಹೇಳಿದರೆ, "ವಯಸ್ಸಾದ್ ಮೇಲೆ ಎಲ್ಲಾರ್ಗೂ ಅಂಗೆ ಕಣ್ರಿ. ನಂಗೆ ಬಾಯಲ್ಲಿ ಅಲ್ಲು ಕಡ್ಮೆ ಆಗವೆ, ನಿಮ್ಗೆ ಕನಸು ಕಡ್ಮೆ ಆಗದೆ," ಎಂದು ಹಲ್ಲು ಕಿತ್ತಿಸಿಕೊಂಡ ಜಾಗವನ್ನು ನಾಲಗೆಯಿಂದ ಮುಟ್ಟಿ ನೋಡಿಕೊಂಡಳು. ನನಗೆ ಮಾತ್ರ ಬಹಳ ದುಃಖವಾಗಿತ್ತು. ಯಾರಿಗೂ ಹೇಳಿಕೊಳ್ಳಲಾಗದಂಥ ಸಣ್ಣ ದುಃಖ.

ಹೀಗಿರುವಾಗ ಕುಂತೂರಿನಲ್ಲಿ ಒಂದು ಮದುವೆ. ವಿಡಿಯೋ ತೆಗೆಯಲು ಬಂದಿದ್ದವಳು ಕೊಳ್ಳೇಗಾಲದಲ್ಲಿ ಸ್ಟುಡಿಯೋ ಇಟ್ಟಿರುವ ಶಶಿಕಲಾ. ಅವಳ ಕೈಯಲ್ಲಿ ಎರಡು ಕಡ್ಡಿಯ ರಿಮೋಟು, ಮುಖಕ್ಕೆ ಪೆಟ್ಟಿಗೆಯಂಥ ಒಂದು ಗಾಗಲ್ಸು. ಅಂಗೈಯಷ್ಟು ಅಗಲದ ಡ್ರೋನು ಚಪ್ಪರದ ಮೇಲೆ ಗುಂಯ್‌ಗುಡುತ್ತಿತ್ತು. ಅದರ ಮೂಗಿನಲ್ಲಿರುವ ಕ್ಯಾಮೆರಾ ಕಂಡದ್ದೆಲ್ಲ ಆ ಕ್ಷಣವೇ ಗಾಗಲ್ಸಿನೊಳಗೆ ಕಾಣುತ್ತದಂತೆ, ಡ್ರೋನಿನೊಳಗೆ ನಾವೇ ಕೂತ ಹಾಗೆ. ನಾನು ಪಕ್ಕದಲ್ಲಿ ನಿಂತು ನೋಡಿದ ನೋಟಕ್ಕೆ ಅವಳಿಗೆ ಕರುಣೆ ಬಂದಿರಬೇಕು. ಬ್ಯಾಟರಿ ಬದಲಿಸಿ ಗಾಗಲ್ಸನ್ನು ನನ್ನ ಮುಖಕ್ಕೆ ಕಟ್ಟಿದಳು. ನೆಲ ಕೆಳಗೆ ಹೋಯಿತು. ಮದುವೆಮನೆ, ಕಬ್ಬಿನ ಟ್ರಾಕ್ಟರುಗಳ ಸಾಲು, ಸಕ್ಕರೆ ಕಾರ್ಖಾನೆಯ ಹೊಗೆ, ಒಂದೊಂದೇ ಚಿಕ್ಕದಾಗುತ್ತಾ ನನ್ನ ಹಳೆಯ ಕನಸು ಪೂರ್ತಿ ಬಣ್ಣದಲ್ಲಿ ವಾಪಸು ಬಂತು. ಆಮೇಲೆ ತಿಳಿದದ್ದು, ಅಷ್ಟು ಹೊತ್ತೂ ನಾನು ಚಪ್ಪರದ ಬಾಳೆಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದೆನಂತೆ. ಮದುವೆಯ ವಿಡಿಯೋದಲ್ಲಿ ಅದು ಬಂದಿದೆ ಎಂದು ಕೇಳಿದ್ದೇನೆ.

ನನಗೂ ಒಂದು ಬೇಕು ಎಂದಾಗ ಶಶಿಕಲಾ, "ಸಾ, ನಿಮ್ಮ ವಯಸ್ಗೆ ಬರಿಗಣ್ಣಲ್ಲಿ ನೋಡ್ಕಂಡ್ ಆರಾಡ್ಸೋ ಸಾದಾ ಡ್ರೋನ್ ಅದೆ, ಕೈ ಬುಟ್ರೂ ಅಲ್ಲೇ ನಿಂತ್ಕತದೆ. ಇದು ಅಂಗಲ್ಲ. ಕೈ ಬುಟ್ರೆ ಬೀಳ್ತದೆ," ಎಂದಳು. ಕೈ ಬಿಟ್ಟರೆ ಬೀಳುವುದೇ ನನಗೆ ಬೇಕಾಗಿತ್ತು. ನಿಂತುಕೊಳ್ಳುವುದನ್ನು ಮೂವತ್ತೊಂದು ವರ್ಷ ಮಾಡಿದ್ದೆ. ಕಾಡಂಚಿನಲ್ಲಿ ಹಾರಿಸಬಾರದು, ಜನರ ತಲೆಯ ಮೇಲೆ ಹಾರಿಸಬಾರದು ಎಂದು ಹೇಳಿ, ಮೊದಲು ಎರಡು ವಾರ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಿಸಿದಳು. ಬೆಳಗ್ಗೆ ಕಾಫಿ ಕುಡಿದು ಕೂತರೆ ನನ್ನ ಎರಡು ಹೆಬ್ಬೆರಳು ಬಿಟ್ಟರೆ ಮೈಯೆಲ್ಲ ನಿಶ್ಚಲ. ಕಂಪ್ಯೂಟರಿನೊಳಗಿನ ಡ್ರೋನು ಕಂಪ್ಯೂಟರಿನೊಳಗಿನ ಮರಕ್ಕೆ ಗುದ್ದುತ್ತಿತ್ತು. ಬಾಗಿಲಲ್ಲಿ ನಿಂತು ನೋಡಿದ ನಮ್ಮ ಪಕ್ಕದ ಮನೆಯಾಕೆ ಗೌರಮ್ಮನನ್ನು ಹಿತ್ತಲಿಗೆ ಕರೆದು, ಸಾಹೇಬರಿಗೆ ಡಾಕ್ಟರಿಗೆ ತೋರಿಸಿದಿರಾ ಎಂದು ಮೆಲ್ಲಗೆ ಕೇಳಿದಳಂತೆ. ನಿಜವಾದ ಡ್ರೋನು ಬಂದ ದಿನ ಗಾಗಲ್ಸು ಕಟ್ಟಿಕೊಂಡು ನಡುಮನೆಯಲ್ಲಿ ನಿಂತೆ. ಗೌರಮ್ಮ ಬಹಳ ಹೊತ್ತು ನೋಡಿ, "ನಮ್ಮಪ್ಪ ಗಾಣದ ಎತ್ತಿಗೆ ಇಂಗೇ ಕಣ್ಣು ಕಟ್ತಿದ್ರು. ಅದು ಸುತ್ತಿದ್ ತಾವೇ ಸುತ್ತೋದು. ತಾನು ಬೋ ದೂರ ಓಗಿವ್ನಿ ಅನ್ಕಳೋದು," ಎಂದಳು.

ಹೊರಗೆ ಹಾರಿಸುವುದಕ್ಕೆ ಶಶಿಕಲಾ ಒಂದು ನಿಯಮ ಹೇಳಿದ್ದಳು. ಗಾಗಲ್ಸು ಹಾಕಿಕೊಂಡವನಿಗೆ ಅಕ್ಕಪಕ್ಕ ಏನೂ ಕಾಣುವುದಿಲ್ಲ. ನಾಯಿ ಬಂದರೂ ತಿಳಿಯುವುದಿಲ್ಲ, ಡ್ರೋನಿನ ಹಿಂದೆ ಗರುಡ ಬಿದ್ದರೂ ತಿಳಿಯುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ಒಬ್ಬರು ಕಣ್ಣು ಬಿಟ್ಟುಕೊಂಡು ನಿಂತು ಹೇಳುತ್ತಿರಬೇಕು. "ಒಬ್ರೇ ಮಾತ್ರ ಆರಿಸ್ಬೇಡಿ ಸಾ," ಎಂದು ಮೂರು ಸಲ ಹೇಳಿದ್ದಳು. ಆ ಕೆಲಸ ಗೌರಮ್ಮನಿಗೆ ಬಂತು. ಹೊನ್ನೂರಿನ ನಮ್ಮ ಗದ್ದೆಯ ಅಂಚಿನಲ್ಲಿ, ಹೊಂಗೆ ಮರದಾಚೆ, ಬದುವಿಗೆ ಒತ್ತಿಕೊಂಡು ಒಣಗಿದ ಒಂದು ದಿಣ್ಣೆ ಇದೆ. ಮರದ ನೆರಳಲ್ಲಿ ಕೂತರೆ ಸಿಗ್ನಲ್ಲಿಗೆ ಅಡ್ಡಿ, ಬಯಲಿನಲ್ಲೇ ಕೂರಬೇಕು. ಸ್ಕೂಟರಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಕಟ್ಟಿಕೊಂಡು ಹೋಗಿ, ದಿಣ್ಣೆಯ ಮೇಲೆ ಹಾಕಿ, ಗಂಭೀರವಾಗಿ ಕೂತೆ. ಗೌರಮ್ಮ ಕೊಡೆ ಬಿಚ್ಚಿಕೊಂಡು ಪಕ್ಕದಲ್ಲಿ ನಿಂತಳು.

ತೊಂದರೆ ಬಂದದ್ದು ದಿಕ್ಕಿನಿಂದ. ನಮ್ಮ ಕಡೆ ಎಡ ಬಲ ಎಂಬ ಮಾತು ಹೆಚ್ಚಾಗಿ ಬಳಕೆಯಲ್ಲಿಲ್ಲ. ಎಲ್ಲದಕ್ಕೂ ಮೂಡಲು, ಪಡುವಲು, ತೆಂಕಲು, ಬಡಗಲು. ಊಟಕ್ಕೆ ಕೂತವನಿಗೂ ವಸಿ ಪಡುವ್ಲಾಗಿ ಜರುಗು ಎನ್ನುವ ಜನ ನಾವು. ನನ್ನ ಕಸುಬೂ ದಿಕ್ಕಿನದೇ. ಆದರೆ ಗಾಗಲ್ಸಿನೊಳಗೆ ಮೂಡಲೂ ಇಲ್ಲ, ಪಡುವಲೂ ಇಲ್ಲ, ಬರೀ ಮುಂದೆ ಇದೆ. ಡ್ರೋನು ಮೇಲೆದ್ದು ಗಿರ್ರನೆ ಒಂದು ಸುತ್ತು ಹಾಕುತ್ತಲೇ ನನಗೆ ದಿಕ್ಕೆಲ್ಲ ಕಲಸಿಹೋಯಿತು.

"ಮೂಡ್ಲಾಗಿ ಓಯ್ತಾ ಅದೆ, ತಿರುಗ್ಸಿ," ಎಂದಳು ಗೌರಮ್ಮ.

"ಎಡಕ್ಕಾ, ಬಲಕ್ಕಾ?"

"ಯಾರ್ ಎಡ? ನಿಮ್ದಾ, ನಂದಾ, ಅದುರ್ದಾ?"

"ಅದುರ್ದು."

"ಅದುಕ್ಕೆ ಮುಂದ್ಗಡೆ ಯಾವ್ದು ಅಂತ ನಂಗೇನ್ ಗೊತ್ತು. ಬೆಟ್ಟದ ಕಡಿಕೆ ಓಯ್ತಾ ಅದೆ ಅಂತಾ ಇವ್ನಿ."

ಬೆಟ್ಟ ಎಲ್ಲಿದೆ ಎಂದು ಹುಡುಕುತ್ತಾ ರಿಮೋಟಿನ ಬಲಗಡೆಯ ಕಡ್ಡಿ ಒತ್ತಿದೆ. ಗಾಗಲ್ಸಿನೊಳಗೆ ಭೂಮಿ ಒಂದು ಮಗ್ಗುಲಿಗೆ ಎದ್ದಿತು. ಭೂಮಿ ಎದ್ದಾಗ ಮನುಷ್ಯ ಏನು ಮಾಡುತ್ತಾನೆ? ಇನ್ನೊಂದು ಮಗ್ಗುಲಿಗೆ ವಾಲುತ್ತಾನೆ. ಕುರ್ಚಿಯ ಒಂದು ಕಾಲು ದಿಣ್ಣೆಯಂಚಿನ ಮೆತ್ತನೆಯ ಮಣ್ಣಿನಲ್ಲಿ ಹೂತು, ನಾನು ಕುರ್ಚಿ ಸಮೇತ ಉರುಳಿ ಗದ್ದೆಯ ಕೆಸರಿಗೆ ಬಿದ್ದೆ. ಡ್ರೋನಿಗೆ ಏನೂ ಆಗಲಿಲ್ಲ, ದಿಣ್ಣೆಯ ಹುಲ್ಲಿನ ಮೇಲೆ ಬಿದ್ದು ಮೆತ್ತಗೆ ಕೂತಿತ್ತು. ಸಂಜೆ ಶಶಿಕಲಾಗೆ ಫೋನು ಮಾಡಿ ವರದಿ ಕೊಟ್ಟೆ. "ಡ್ರೋನ್ ಬಿದ್ದಿದ್ ನೋಡಿವ್ನಿ ಸಾ, ಪೈಲಟ್ ಬಿದ್ದಿದ್ ಇದೇ ಮೊದ್ಲು," ಎಂದಳು.

ಈಗ ನಾನು ಹೇಳದೆ ಜಾರಿಕೊಳ್ಳುತ್ತಿದ್ದ ಒಂದು ವಿಷಯ ಹೇಳಬೇಕು. ಹಾರುವಾಗ ನನಗಿದ್ದ ನಿಜವಾದ ಹೆದರಿಕೆ ಡ್ರೋನು ಬೀಳುವುದಲ್ಲ, ಎಲ್ಲಿ ಬೀಳುವುದು ಎಂಬುದು. ನಮ್ಮ ಗದ್ದೆಯ ಬದುವಿನಾಚೆ ನನ್ನ ಚಿಕ್ಕಪ್ಪನ ಮಗ ಸಿದ್ದಮಲ್ಲುವಿನ ಗದ್ದೆ. ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು. ಅವನಿಗೆ ಈಜು ಕಲಿಸಿದವನು ನಾನು, ನನಗೆ ಬೀಡಿ ಬಿಡಿಸಿದವನು ಅವನು. ಆ ಸಿದ್ದಮಲ್ಲುವಿಗೂ ನನಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಚಿಕ್ಕಪ್ಪ ತೀರಿಕೊಂಡ ಮೇಲೆ ಒಟ್ಟಿಗಿದ್ದ ಗದ್ದೆಯನ್ನು ಎರಡು ಪಾಲು ಮಾಡಬೇಕಾಗಿತ್ತು. ಮನೆಯಲ್ಲೇ ಸರ್ವೆಯರು ಇರುವಾಗ ಬೇರೆಯವರನ್ನು ಯಾಕೆ ಕರೆಯಬೇಕು? ನಾನೇ ಅಳೆದೆ, ನಾನೇ ಕಲ್ಲು ನೆಡಿಸಿದೆ. ಬದು ಹಾಕಿದ ಮೇಲೆ ಸಿದ್ದಮಲ್ಲು ಮೆಲ್ಲಗೆ, "ಅಣ್ಣ, ಮರದ್ ತಾವ ಎಂಗೋ ಆಗದೆ. ಇನ್ನೊಂದ್ ಕಿತ ನೋಡು," ಎಂದ. ಊರಿನ ನಾಲ್ಕು ಜನ ಎದುರಿಗಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. "ತಾಲ್ಲೂಕೆಲ್ಲಾ ಅಳ್ದಿರೋನಿಗೆ ನೀನು ಅಳತೆ ಕಲುಸ್ತೀಯೇನ್ಲಾ?" ಎಂದುಬಿಟ್ಟೆ. ಅವನು ಹೆಗಲ ಮೇಲಿನ ಟವೆಲು ಕೊಡವಿಕೊಂಡು, "ಆಗ್ಲಿ ಬುಡಣ್ಣ," ಎಂದು ಹೊರಟುಹೋದ. ಅವನು ನನಗೆ ಆಡಿದ ಕೊನೆಯ ಮಾತು ಅದೇ. ಅಂದಿನಿಂದ ಅವನು ಬದು ದಾಟಿ ಈಚೆ ಕಾಲಿಡಲಿಲ್ಲ, ನಾನೂ ಆಚೆ ಇಡಲಿಲ್ಲ. ನನ್ನ ಡ್ರೋನು ಅವನ ಗದ್ದೆಯಲ್ಲಿ ಬಿದ್ದರೆ ತರುವವರು ಯಾರು? ಹೋಗಿ ಕೇಳಬೇಕು, ಕೇಳಬೇಕಾದರೆ ಬಾಯಿ ಬಿಡಬೇಕು. ಆದ್ದರಿಂದ ಎರಡು ತಿಂಗಳು ನಾನು ಬದುವಿಗೆ ಬೆನ್ನು ಹಾಕಿಯೇ ಹಾರಿದೆ. ಅವನೂ ಅವನ ಗದ್ದೆಯಲ್ಲಿ ನನಗೆ ಬೆನ್ನು ಹಾಕಿಯೇ ಕೆಲಸ ಮಾಡುತ್ತಿದ್ದ. ಅವನ ಬೆನ್ನು ಮುದಿಯಾಗಿದೆ ಅನ್ನಿಸುತ್ತಿತ್ತು, ಅನ್ನಿಸಿದ್ದನ್ನು ಅಲ್ಲಿಗೇ ಬಿಡುತ್ತಿದ್ದೆ.

ನಾಟಿ ಮುಗಿದ ಮೇಲಿನ ಒಂದು ಬೆಳಿಗ್ಗೆ. ಅಷ್ಟು ಹೊತ್ತಿಗೆ ಕೈ ಪಳಗಿತ್ತು. ಗೌರಮ್ಮನೂ ದಿಕ್ಕು ಹೇಳುವುದನ್ನು ಬಿಟ್ಟು, ತೆಂಗಿನ ಮರ ಬಂತು, ಕರೆಂಟು ತಂತಿ ಬಂತು ಎಂದಷ್ಟೇ ಹೇಳುವುದನ್ನು ಕಲಿತಿದ್ದಳು. ಗಾಳಿ ಇರಲಿಲ್ಲ. ಮೆಲ್ಲಗೆ ಮೇಲೆದ್ದೆ. ಎದ್ದೆ ಎನ್ನುತ್ತಿದ್ದೇನೆ, ಕ್ಷಮಿಸಬೇಕು, ಕುರ್ಚಿಯಲ್ಲಿದ್ದ ಹೊಟ್ಟೆಯ ನೆನಪೇ ನನಗಿರಲಿಲ್ಲ. ಹೊಸ ನಾಟಿಯ ಗದ್ದೆಗಳ ತುಂಬ ನೀರು, ನೀರಿನ ತುಂಬ ಆಕಾಶ. ನನ್ನ ಮೇಲೂ ಮೋಡ, ನನ್ನ ಕೆಳಗೂ ಮೋಡ, ಕೆಳಗಿನ ಮೋಡಕ್ಕೆ ಸಾಲಾಗಿ ಪೈರು ಚುಚ್ಚಿದ್ದರು. ಒಂದು ಬೆಳ್ಳಕ್ಕಿ ನನ್ನ ಕೆಳಗೆ ಹಾರಿ ಹೋಯಿತು. ಹಕ್ಕಿಯ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ತೆಂಗಿನ ತಲೆಗಳು ಒಂದೊಂದಾಗಿ ಕೆಳಗೆ ತೇಲಿಹೋದವು. ನಾಲೆಯ ಏರಿಯ ಮೇಲೆ ಸೈಕಲ್ಲಿನಲ್ಲಿ ಹುಲ್ಲಿನ ಹೊರೆ ಹೋಗುತ್ತಿತ್ತು, ತುಳಿಯುವವನು ಹೊರೆಯಲ್ಲಿ ಮುಚ್ಚಿಹೋಗಿದ್ದ. ದೂರದಲ್ಲಿ ಬಿಳಿಗಿರಿ ಬೆಟ್ಟ ನೀಲಿಯಾಗಿ, ಅರ್ಧ ಕರಗಿ ನಿಂತಿತ್ತು. ನನ್ನ ಕನಸಿನಲ್ಲಿ ಇದ್ದದ್ದೆಲ್ಲ ಇತ್ತು, ಪಂಚೆ ಹಿಡಿದುಕೊಳ್ಳುವ ತಾಪತ್ರಯ ಮಾತ್ರ ಇರಲಿಲ್ಲ. ತಿರುಗಿ ನೋಡಿದಾಗ ದಿಣ್ಣೆಯ ಮೇಲೆ ಕೂತಿದ್ದ ಒಬ್ಬ ಮನುಷ್ಯ ಕಂಡ. ಗೌರಮ್ಮನ ಕೊಡೆಯ ಪಕ್ಕ ಅವನ ನಡುನೆತ್ತಿ ಬೋಳಾಗಿ ಮಿರುಗುತ್ತಿತ್ತು. ಪಾಪ, ಯಾರೋ ವಯಸ್ಸಾದವರು ಎಂದುಕೊಂಡೆ. ಅದು ನಾನೇ ಎಂದು ಹೊಳೆಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಕನ್ನಡಿ ನನಗೆ ಇಷ್ಟು ವರ್ಷ ಮುಂದಿನ ನಾಲ್ಕು ಕೂದಲು ಮಾತ್ರ ತೋರಿಸಿ ಮೋಸ ಮಾಡಿತ್ತು.

ಆ ಬೋಳುತಲೆಯಿಂದ ಕಣ್ಣು ತಪ್ಪಿಸಲು ಪಕ್ಕಕ್ಕೆ ತಿರುಗಿದೆ. ಆಗ ಬದು ಕಂಡಿತು. ನಾಲೆಯಿಂದ ಹೊರಟ ಬದು ದಾರ ಎಳೆದ ಹಾಗೆ ನೆಟ್ಟಗೆ ಬಂದಿತ್ತು, ಹೊಂಗೆ ಮರದವರೆಗೆ. ಮರದ ಹತ್ತಿರ ಸಿದ್ದಮಲ್ಲುವಿನ ಗದ್ದೆಯ ಕಡೆಗೆ ಬಳುಕಿತ್ತು. ಬಳುಕಿದ್ದು ಮರ ದಾಟಿದ ಮೇಲೆ ವಾಪಸು ಬರದೆ, ಅಲ್ಲಿಂದಲೇ ನೆಟ್ಟಗೆ ಕೊನೆಯ ಕಲ್ಲಿನವರೆಗೂ ಹೋಗಿತ್ತು. ಎರಡು ಬದುಗಳನ್ನು ಮರದ ಹತ್ತಿರ ತಪ್ಪು ಜೋಡಿಸಿದಂತಿತ್ತು. ಕ್ಯಾಮೆರಾದ ಗಾಜಿನ ದೋಷ ಇರಬೇಕೆಂದುಕೊಂಡೆ. ಇನ್ನೂ ಮೇಲೆ ಹೋಗಿ ನೋಡಿದೆ. ಮೇಲೆ ಹೋದಷ್ಟೂ ಡೊಂಕು ಎದ್ದು ಕಾಣುತ್ತಿತ್ತು. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ಇಳಿಸಿ, ಗಾಗಲ್ಸು ಬಿಚ್ಚಿ, ನೆಲದ ಮೇಲಿಂದ ಬದು ನೋಡಿದೆ. ಹುಲ್ಲು ಬೆಳೆದು, ಮರ ಅಡ್ಡ ನಿಂತು, ನೆಟ್ಟಗೇ ಕಾಣುತ್ತಿತ್ತು. ಆದರೆ ನನಗೆ ಅಳತೆಯ ಆ ದಿನ ನೆನಪಾಗಿತ್ತು.

ಅಳತೆಯ ಗೆರೆಗೆ ಮರ ಅಡ್ಡ ಬಂದರೆ ನಾವು ಏಳೆಂಟು ಅಡಿ ಪಕ್ಕಕ್ಕೆ ಸರಿದು, ಅಲ್ಲಿಂದ ಮುಂದಕ್ಕೆ ಎಳೆದು, ಮರ ದಾಟಿದ ಮೇಲೆ ಅಷ್ಟೇ ಅಡಿ ವಾಪಸು ಬಂದು ಗೆರೆ ಸೇರಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠ ಅದು. ಅವತ್ತು ನಾನು ಸಿದ್ದಮಲ್ಲುವಿನ ಕಡೆಗೆ ಸರಿದು, ಮರ ದಾಟುವ ಹೊತ್ತಿಗೆ ಅವನ ಮನೆಯಿಂದ ಬುತ್ತಿ ಬಂತು. ಮುದ್ದೆ, ಅವರೆಕಾಳಿನ ಹುಳಿ, ದೊಡ್ಡ ಚೊಂಬಿನಲ್ಲಿ ಮಜ್ಜಿಗೆ. ಉಂಡು, ಅದೇ ಹೊಂಗೆಯ ನೆರಳಿನಲ್ಲಿ ಹತ್ತು ನಿಮಿಷ ಒರಗಿದೆ. ಕನಸು ಬಿತ್ತು. ಚೆನ್ನಾಗಿಯೇ ಹಾರಿದೆ, ಅದೂ ನೆನಪಿದೆ. ಎದ್ದವನು ಸರಪಳಿ ಎಲ್ಲಿ ಬಿದ್ದಿತ್ತೋ ಅಲ್ಲಿಂದಲೇ ಮುಂದಕ್ಕೆ ಎಳೆಸಿದೆ. ಮರ ಸುತ್ತಿ ಹೋದವನು ವಾಪಸು ಬರಲೇ ಇಲ್ಲ. ಅವನ ಮನೆಯ ಮಜ್ಜಿಗೆ ಕುಡಿದು, ಅವನ ಜಾಗ ನುಂಗಿ, ಅವನಿಗೇ ಅಳತೆ ಗೊತ್ತಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದ್ದೆ. ನನಗೆ ತಡೆಯಲಾರದಷ್ಟು ನಾಚಿಕೆಯಾಯಿತು.

ಎರಡನೆಯ ಬ್ಯಾಟರಿ ಹಾಕಿ ಮತ್ತೆ ಹಾರಿದೆ. ಇನ್ನೊಮ್ಮೆ ನೋಡಿದರೆ ನೆಟ್ಟಗಾಗಿರಬಹುದು ಎಂಬ ಆಸೆ. ಆಗಿರಲಿಲ್ಲ. ಸುಮ್ಮನೆ ಅದರ ಮೇಲೆಯೇ ಸುತ್ತುತ್ತಿದ್ದೆ, ಗಾಣದ ಎತ್ತಿನ ಹಾಗೆ. ಹನ್ನೊಂದು ವರ್ಷದಲ್ಲಿ ಸಿದ್ದಮಲ್ಲುವಿನ ಮಗಳ ಮದುವೆಯಾಯಿತು, ಹೋಗಲಿಲ್ಲ. ಅವನಿಗೆ ಟೈಫಾಯಿಡ್ ಆಗಿ ಮಲಗಿದ್ದ, ಹೋಗಲಿಲ್ಲ. ಎಲ್ಲದಕ್ಕೂ ನನ್ನ ಹತ್ತಿರ ಒಂದು ನ್ಯಾಯ ಇತ್ತು, ಆ ನ್ಯಾಯ ಕೆಳಗೆ ಡೊಂಕಾಗಿ ಮಲಗಿತ್ತು. ಎಷ್ಟೋ ಹೊತ್ತಿನಿಂದ ಗೌರಮ್ಮನ ದನಿ ಕೇಳುತ್ತಿಲ್ಲವೆಂದು ಆಮೇಲೆ ಗಮನಕ್ಕೆ ಬಂತು. ತಿರುಗಿಸಿ ನೋಡಿದರೆ ಅವಳ ಹಳದಿ ಸೀರೆ ದೂರದ ಪಂಪ್‌ಹೌಸಿನ ಹತ್ತಿರ ಇತ್ತು, ನೀರಿಗೆ ಹೋಗಿದ್ದಳು. ಹಾಗಾದರೆ ನಾನು ಒಬ್ಬನೇ ಎಂದು ಗಾಬರಿಯಾಗಿ ದಿಣ್ಣೆಯ ಕಡೆ ಬಂದೆ. ದಿಣ್ಣೆಯ ಮೇಲೆ ನಾನೂ ಇರಲಿಲ್ಲ. ನನ್ನ ಬೋಳುತಲೆ ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಗುಂಡು ಇತ್ತು.

ಕೆಳಗೆ ಇಳಿದು, ಸ್ವಲ್ಪ ದೂರದಿಂದ, ಮಗ್ಗುಲಿನಿಂದ ನೋಡಿದೆ. ಕಪ್ಪು ಗುಂಡು ನಮ್ಮ ಕೊಡೆ. ಕೊಡೆಯ ಕೆಳಗೆ ಕುರ್ಚಿಯಲ್ಲಿ ಪೆಟ್ಟಿಗೆ ಮುಖದ ನಾನು. ಕೊಡೆಯ ಹೊರಗೆ, ಬಿಸಿಲಿನಲ್ಲಿ, ಕೈ ಪೂರ್ತಿ ಚಾಚಿ ಕೊಡೆಯನ್ನು ನನ್ನ ಮೇಲೆ ಹಿಡಿದು ನಿಂತಿದ್ದವನ ತಲೆಗೆ ಟವೆಲು ಸುತ್ತಿತ್ತು. ಮೊಣಕಾಲಿನವರೆಗೆ ಕೆಸರು. ಬದು ದಾಟಿ ಬಂದಿದ್ದ. ಡ್ರೋನಿನ ಕಡೆಗೇ ತಲೆ ಎತ್ತಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ, ಎಂದರೆ ನೇರವಾಗಿ ನನ್ನನ್ನೇ. ಸಿದ್ದಮಲ್ಲುವಿನ ಮುಖವನ್ನು ನಾನು ಹನ್ನೊಂದು ವರ್ಷದ ಮೇಲೆ ಎದುರಿನಿಂದ ನೋಡಿದೆ. ನನ್ನ ಹೆಬ್ಬೆರಳು ಏನು ಮಾಡಿತೋ ತಿಳಿಯದು. ಕಣ್ಣ ಮುಂದೆ ಎಲೆ, ಕೊಂಬೆ, ಆಕಾಶ ಒಂದರ ಮೇಲೊಂದು ಬಂದು, ಆಮೇಲೆ ಎಲ್ಲ ನಿಂತಿತು. ಡ್ರೋನು ಹೊಂಗೆ ಮರದಲ್ಲಿ ಸಿಕ್ಕಿಕೊಂಡಿತ್ತು. ಕ್ಯಾಮೆರಾ ಇನ್ನೂ ನಡೆಯುತ್ತಿತ್ತು. ತೂಗುವ ಎಲೆಗಳ ನಡುವೆ ಕೆಳಗೆ ಇಬ್ಬರು ಗಂಡಸರು ಕಾಣುತ್ತಿದ್ದರು, ಒಬ್ಬ ಕೂತವನು, ಒಬ್ಬ ನಿಂತವನು.

"ಅಣ್ಣ, ಒಂಗೆ ಮರುಕ್ಕೆ ಸಿಗಾಕಂತು," ಎಂದ ಸಿದ್ದಮಲ್ಲು.

ಗಾಗಲ್ಸು ಬಿಚ್ಚುವ ಧೈರ್ಯ ನನಗೆ ಬರಲಿಲ್ಲ. ಬಿಚ್ಚಿದರೆ ಅವನ ಮುಖ ಎರಡು ಅಡಿ ದೂರದಲ್ಲಿರುತ್ತದೆ. ಮರದಿಂದ ನೋಡುತ್ತಲೇ ಮಾತಾಡಿದೆ. "ಬದು ಡೊಂಕಾಗದೆ ಕಣ್ಲಾ."

"ಎಲ್ಲಿ?"

"ಮರದ್ ತಾವ. ಒಂದ್ ಏಳಡಿ ನಿನ್ ಕಡಿಕೆ ಬಂದುಬುಟ್ಟದೆ."

"ಏಳೂವರೆ," ಎಂದ ಸಿದ್ದಮಲ್ಲು. "ನಾ ಕಾಲಳತೇಲಿ ಅಳ್ದಿವ್ನಿ. ವರ್ಸ ವರ್ಸ ನಾಟಿ ಮಾಡ್ವಾಗ ಅಳೀತೀನಿ, ಏನಾರ ಕಡ್ಮೆ ಆದದೇನೋ ಅಂತ."

"ಮತ್ತೆ ನಂಗ್ ಒಂದ್ ಮಾತು ಏಳ್ಬಾರ್ದಾ?"

"ಏಳುದ್ನಲ್ಲ, ಅವತ್ತೇ." ಮರದಲ್ಲಿದ್ದ ಡ್ರೋನಿನ ಕಡೆ ತಲೆ ಎತ್ತಿದ. ಕೊಡೆ ಮಾತ್ರ ಅಲುಗಲಿಲ್ಲ. "ಇದ ನೋಡಾಕೆ ಅಷ್ಟ್ ಮ್ಯಾಕೆ ಓಗ್ಬೇಕಾಗಿತ್ತಾ ಅಣ್ಣ?"

ಗಾಗಲ್ಸಿನ ಗಾಜು ಮಂಜಾಯಿತು. ಬೆವರಿಗೆ ಹಾಗಾಗುತ್ತದೆ, ಒರೆಸಿಕೊಳ್ಳಿ ಎಂದು ಶಶಿಕಲಾ ಮೊದಲೇ ಹೇಳಿದ್ದಳು. ಒರೆಸಿಕೊಳ್ಳಲೆಂದು ಬಿಚ್ಚಿದೆ. ಸಿದ್ದಮಲ್ಲು ನನ್ನ ಮುಖ ನೋಡಿ ಟವೆಲು ಬಿಚ್ಚಿ ಕೊಟ್ಟ. "ತಪ್ಪಾಯ್ತು ಕಣ್ಲಾ," ಎಂದೆ. ಅವನು, "ಆಗ್ಲಿ ಬುಡಣ್ಣ," ಎಂದ. ಅದೇ ಮಾತು, ಅದೇ ದನಿ. ಈ ಸಲ ಹೊರಟುಹೋಗದೆ ಅಲ್ಲೇ ನಿಂತಿದ್ದ.

ಗೌರಮ್ಮ ನೀರಿನ ಚೊಂಬು ಹಿಡಿದು ನಿಧಾನವಾಗಿ ಬಂದಳು. ಆ ಪಂಪ್‌ಹೌಸಿಗೆ ಅಷ್ಟು ಹೊತ್ತು ಬೇಕಿಲ್ಲ. "ಒಬ್ರನ್ನೇ ಬುಟ್ ಓಗ್ಬ್ಯಾಡಿ ಅಂದಿದ್ರಲ್ಲ ಆ ಮೇಡಮ್ಮು. ಅದುಕ್ಕೆ ಸಿದ್ದಮಲ್ಲಪ್ಪನ್ ಕೈಗೆ ಕೊಡೆ ಕೊಟ್ಟೆ," ಎಂದಳು, ದಿನಾ ಕೊಡುವವಳ ಹಾಗೆ. ಆಮೇಲೆ ಒಂದೊಂದೇ ಹೊರಬಿತ್ತು. ಎರಡೂ ಮನೆಯ ಹೆಂಗಸರು ಮಾತು ಬಿಟ್ಟೇ ಇರಲಿಲ್ಲ. ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ನಾನು ಹೊಗಳಿ ಹೊಗಳಿ ಉಂಡ ಅವರೆಕಾಯಿ ಸಿದ್ದಮಲ್ಲುವಿನ ಬದುವಿನದು. ಅವನ ಮಗಳ ಮದುವೆಗೆ ನಮ್ಮ ಮನೆಯಿಂದ ಸೀರೆ ಹೋಗಿತ್ತು. ಮಾತು ಬಿಟ್ಟಿದ್ದವರು ನಾನು ಮತ್ತು ಸಿದ್ದಮಲ್ಲು ಇಬ್ಬರೇ. ಸಿದ್ದಮಲ್ಲು ಮಾವಿನಕಾಯಿ ಕೀಳುವ ದೋಟಿ ತಂದು ಡ್ರೋನನ್ನು ಮರದಿಂದ ಇಳಿಸಿದ. ಒಂದು ರೆಕ್ಕೆ ಮುರಿದಿತ್ತು.

ಮುಂದಿನ ಭಾನುವಾರ ಹಳೆಯ ಸರಪಳಿಯ ತುಕ್ಕು ಉಜ್ಜಿ ತೆಗೆದುಕೊಂಡು ಹೋದೆ. ಅವನ ಮನೆಯಿಂದ ಬುತ್ತಿ ಬಂದರೂ ಅಳತೆ ಮುಗಿಯುವವರೆಗೆ ಮುಟ್ಟಲಿಲ್ಲ. ಮರದ ಹತ್ತಿರ ಪಕ್ಕಕ್ಕೆ ಸರಿದೆ, ಮುಂದಕ್ಕೆ ಹೋದೆ, ಮರ ದಾಟಿದ ಮೇಲೆ ನಿಂತು, ಗಟ್ಟಿಯಾಗಿ ಅಡಿ ಎಣಿಸುತ್ತಾ ವಾಪಸು ಬಂದು ಗೆರೆ ಸೇರಿಕೊಂಡೆ. ಕಲ್ಲು ಕಿತ್ತು ಮತ್ತೆ ನೆಟ್ಟೆವು. ಏಳೂವರೆ ಅಡಿಯೇ ಇತ್ತು. ತಾಲ್ಲೂಕೆಲ್ಲ ಅಳೆದವನ ಸರಪಳಿಗಿಂತ ಸಿದ್ದಮಲ್ಲುವಿನ ಪಾದ ಸರಿಯಾಗಿತ್ತು. ಗೋಪಿನಾಥಂನ ಮುದುಕ ನೆನಪಾದ. ಗರುಡ ಸಹಿ ಹಾಕುವುದಿಲ್ಲ ನಿಜ, ಆದರೆ ಅದು ತಮ್ಮನ ಮನೆಯ ಮಜ್ಜಿಗೆ ಕುಡಿದು ನಿದ್ದೆಯನ್ನೂ ಮಾಡುವುದಿಲ್ಲ.

ಹೊಸ ಬದು ಬಿದ್ದ ಮೇಲೆ ಒಂದು ಸಣ್ಣ ತೊಡಕು ಕಂಡಿತು. ನಾನು ಕುರ್ಚಿ ಹಾಕುತ್ತಿದ್ದ ದಿಣ್ಣೆ ಪೂರ್ತಿಯಾಗಿ ಸಿದ್ದಮಲ್ಲುವಿನ ಕಡೆಗೆ ಹೋಗಿತ್ತು. ಇಷ್ಟು ದಿನ ನಾನು ಅವನ ನೆಲದಿಂದಲೇ ಹಾರುತ್ತಿದ್ದೆ ಎಂದಾಯಿತು. ನನ್ನ ಕಡೆ ಉಳಿದದ್ದೆಲ್ಲ ಕೆಸರು, ಕುರ್ಚಿ ನಿಲ್ಲುವುದಿಲ್ಲ. ಆದ್ದರಿಂದ ಈಗ ಹಾರಬೇಕಾದರೆ ಅವನ ಅಪ್ಪಣೆ ಬೇಕು. ಕೊಡುತ್ತಾನೆ, ಆದರೆ ಒಂದು ಕರಾರು. ಮೊದಲ ಬ್ಯಾಟರಿ ಅವನದು. ಕಂಪ್ಯೂಟರಿಲ್ಲ, ಪಾಠವಿಲ್ಲ, ಎರಡು ವಾರದಲ್ಲಿ ನನಗಿಂತ ಚೆನ್ನಾಗಿ ಕಲಿತುಬಿಟ್ಟ. ಮೂಡಲು ಎಂದರೆ ಗಾಗಲ್ಸಿನೊಳಗಿದ್ದರೂ ಮೂಡಲಿಗೇ ಹೋಗುತ್ತಾನೆ. ಹೇಗೆ ಎಂದು ಕೇಳಿದರೆ, "ನೆಳ್ಳು ನೋಡ್ಕಂಡು," ಎನ್ನುತ್ತಾನೆ. ಮಧ್ಯಾಹ್ನದ ಕನಸೂ ಒಂದೆರಡು ಸಲ ಬಂದಿದೆ, ಈಗೀಗ ಕುರ್ಚಿ ಸಮೇತ.

ಮೊನ್ನೆ ಅವನು ಕುರ್ಚಿಯಲ್ಲಿ, ನಾನು ಪಕ್ಕದಲ್ಲಿ. ನನ್ನ ಕೈಯಲ್ಲಿ ಕೊಡೆ. ಡ್ರೋನಿನ ಮೇಲಿಂದ ಕಣ್ಣು ತೆಗೆಯಬಾರದೆಂಬ ನಿಯಮ ಇದ್ದರೂ ನಾನು ಬದುವನ್ನೇ ನೋಡುತ್ತಿದ್ದೆ. ಎಷ್ಟು ನೆಟ್ಟಗಿದೆ ಎಂದು ಹೇಳಬೇಕೆನ್ನಿಸಿತು, ನಾಚಿಕೆಯಾಗಿ ಹೇಳಲಿಲ್ಲ. ಸಿದ್ದಮಲ್ಲು ಪೆಟ್ಟಿಗೆ ಮುಖವನ್ನು ಅಲುಗಿಸದೆ, ಎಲ್ಲೋ ತೆಂಗಿನ ಮರದ ಎತ್ತರದಿಂದ ಮಾತಾಡಿದ.

"ಅಣ್ಣ, ಕೊಡೇನ ವಸಿ ನಿನ್ ಕಡಿಕೂ ಇಡ್ಕ. ನಿನ್ ತಲೆ ಬಿಸ್ಲಲ್ಲದೆ. ಇಲ್ಲಿಂದ ಚೆನ್ನಾಗ್ ಕಾಣ್ತಾ ಅದೆ."